ನಡುರಸ್ತೆಯಲ್ಲಿ ರಂಗೋಲಿ

ಹೊಸದುರ್ಗದಿಂದ ಚಿತ್ರದುರ್ಗದವರೆಗೆ ನಮ್ಮ ಅತ್ತೆಯ ಕಾರಿಗೆ ಗುದ್ದದೆ ಉಳಿದದ್ದು ರೈಲು ಒಂದೇ. ಅದೂ ಗೇಟು ಹಾಕುತ್ತಿದ್ದವನ ಪುಣ್ಯ! ಬಸ್ಸು ಗುದ್ದಿದೆ, ಲಾರಿ ಗುದ್ದಿದೆ, ಎತ್ತಿನಗಾಡಿಯ ಮೂಕಿ ಗುದ್ದಿದೆ, ಒಮ್ಮೆ ಮದುವೆ ಮೆರವಣಿಗೆಯ ಬ್ಯಾಂಡಿನವನೊಬ್ಬ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಬಂದು ಡೋಲಿನ ಸಮೇತ ಬಾನೆಟ್ಟಿನ ಮೇಲೆ ಕುಳಿತಿದ್ದಾನೆ. ಆದರೆ ನಮ್ಮ ಅತ್ತೆ ಮಾತ್ರ ಯಾರಿಗೂ ಗುದ್ದಿದವಳಲ್ಲ. ನಂಬುತ್ತೀರಾ? ನಂಬುವುದಿಲ್ಲ, ನನಗೆ ಗೊತ್ತು. ಆಗಲೂ ಯಾರೂ ನಂಬುತ್ತಿರಲಿಲ್ಲ. ಅತ್ತೆಯ ಜೀವನದ ದೊಡ್ಡ ಜಗಳವೆಲ್ಲ ಅದರ ಮೇಲೆಯೇ ನಡೆದದ್ದು.

ಅತ್ತೆ ಎಂದರೆ ನಮ್ಮಪ್ಪನ ಒಬ್ಬಳೇ ತಂಗಿ. ಹೊಸದುರ್ಗದಲ್ಲಿ ನಮ್ಮ ಮನೆಯ ಪಕ್ಕದ ಮನೆಯೇ ಅವಳದು. ಅವಳ ಗಂಡ, ಅಂದರೆ ನಮ್ಮ ಮಾವ, ಕೊಬ್ಬರಿ ಮಂಡಿ ಇಟ್ಟಿದ್ದರು. ಯಾರೋ ಮಾರಿದ ಹಳೆಯ ಅಂಬಾಸಡರ್ ಕಾರೊಂದನ್ನು ಕೊಂಡರು. ಕೊಂಡ ಮೇಲೆ ತಿಳಿಯಿತು, ಮಾವನಿಗೆ ಸ್ಟಿಯರಿಂಗ್ ಹಿಡಿದರೆ ನಿದ್ದೆ ಬರುತ್ತದೆ ಎಂದು! ಬೇರೆ ಗಂಡಸಾಗಿದ್ದರೆ ಡ್ರೈವರನ್ನು ಇಡುತ್ತಿದ್ದರು. ಮಾವ ಹೆಂಡತಿಗೆ ಕಲಿಸಿದರು. ಎಪ್ಪತ್ತರ ದಶಕದ ಹೊಸದುರ್ಗದಲ್ಲಿ ಹೆಂಡತಿ ಕಾರು ಓಡಿಸುವುದು, ಗಂಡ ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಮಾಡುವುದು! ಜನ ಅಂಗಡಿ ಬಿಟ್ಟು ಬಂದು ನೋಡುತ್ತಿದ್ದರು.

ಮಾವ ಇದ್ದಕ್ಕಿದ್ದಂತೆ ಎದೆನೋವು ಬಂದು ಹೋಗಿಬಿಟ್ಟರು. ತಿಥಿಯ ಊಟದ ಎಲೆ ಎತ್ತುವ ಮೊದಲೇ ನೆಂಟರು ಕಾರಿನ ವಿಚಾರ ಎತ್ತಿದರು. "ಹೆಂಗಸು ಕಾರು ಇಟ್ಕಂಡು ಏನ್ ಮಾಡ್ತಾಳೆ?"

"ಓಡಿಸ್ತೀನಿ" ಎಂದಳು ಅತ್ತೆ.

"ಮಂಡಿ?"

"ಅದ್ನೂ ಓಡಿಸ್ತೀನಿ."

ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಕೆಟ್ಟವರಲ್ಲ, ಹೆದರುವವರು. ತಂಗಿಯೊಬ್ಬಳೇ ರಸ್ತೆಯ ಮೇಲೆ ಹೋದರೆ ಅವರಿಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ. ಬಹಳ ಹೊತ್ತು ಮೀಸೆ ತಿರುವಿ ತೀರ್ಪು ಕೊಟ್ಟರು: "ಆತು, ಇಟ್ಕ. ಆದ್ರೆ ನಿನ್ನ ತಪ್ಪಿಂದ ಒಂದು ಗೀರು ಬಿದ್ರೂ ಮಾರಿಬಿಡಾದು. ಆಮೇಲೆ ಮಾತಿಲ್ಲ."

"ನನ್ ತಪ್ಪಿಂದ ಬಿದ್ರೆ ತಾನೆ? ಆತಣ್ಣ" ಎಂದು ಅತ್ತೆ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕಾರು ಉಳಿಯಬೇಕಾದರೆ ತಪ್ಪು ತನ್ನದಲ್ಲ ಎಂದು ಪ್ರತಿ ಸಲವೂ ಸಾಬೀತು ಮಾಡಬೇಕು. ಇದೊಂದು ಷರತ್ತು ನಮ್ಮ ಅತ್ತೆಯನ್ನು ಎಂಥ ಲಾಯರನ್ನಾಗಿ ಮಾಡಿತೆಂದರೆ, ಕಪ್ಪು ಕೋಟು ಒಂದು ಇರಲಿಲ್ಲ ಅಷ್ಟೆ.

ಮೊದಲ ಗುದ್ದು ಹಿರಿಯೂರಿನಲ್ಲಿ ಬಿತ್ತು. ಕಾರು ಹೋಟೆಲಿನ ಮುಂದೆ ನಿಂತಿತ್ತು. ಅತ್ತೆ ಮತ್ತು ನಾನು ಒಳಗಿದ್ದೆವು, ಅವಳ ಮುಂದೆ ಕಾಫಿ, ನನ್ನ ಮುಂದೆ ದೋಸೆ. ಹೊರಗೆ ಬಸ್ಸೊಂದು ರಿವರ್ಸ್ ಬರುತ್ತಿತ್ತು. ಕಂಡಕ್ಟರು ಹಿಂದೆ ನಿಂತು ಬಸ್ಸಿನ ಮೈ ತಟ್ಟುತ್ತಾ "ಬರ್ಲಿ, ಬರ್ಲಿ, ಬರ್ಲಿ" ಎನ್ನುತ್ತಿದ್ದ. ಬಂತು. ಧಡ್ ಎಂದಿತು. ಆಮೇಲೆ ಅವನು "ಸಾಕು" ಎಂದ!

ಅತ್ತೆ ಕಾಫಿ ಲೋಟದ ಸಮೇತ ಹೊರಗೆ ಓಡಿದಳು. ಅಷ್ಟರಲ್ಲಿ ಜನ ಸೇರಿ ತೀರ್ಪೂ ಆಗಿಹೋಗಿತ್ತು. "ಹೆಂಗಸು ಓಡಿಸಿದ್ರೆ ಇನ್ನೇನಾಗ್ತೈತೆ?" ಎಂದ ಒಬ್ಬ.

"ಲೇ, ನಾನ್ ಓಡಿಸ್ತಿದ್ದುದು ಈ ಲೋಟಾನ ಕಣಪ್ಪ! ಕಾರು ನಿಂತಿತ್ತು!"

"ನಿಲ್ಸಿದ್ದೋರು ಯಾರು? ನೀವೇ ಅಲ್ವೇನಮ್ಮ?"

ಇದಕ್ಕೆ ಏನು ಉತ್ತರ ಹೇಳುತ್ತೀರಿ? ಆ ಗುಂಪಿನಲ್ಲಿ ಒಬ್ಬರಿಗೂ ಕಾರು ಓಡಿಸಲು ಬರುತ್ತಿರಲಿಲ್ಲ. ಹೆಂಗಸರು ಹೇಗೆ ಓಡಿಸುತ್ತಾರೆ ಎಂಬುದು ಮಾತ್ರ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು.

ಅತ್ತೆ ನೆಗ್ಗಿದ ಡಿಕ್ಕಿಯನ್ನು ತೆಂಗಿನ ಹಗ್ಗದಲ್ಲಿ ಬಿಗಿದು, ನನ್ನನ್ನು ಸಾಕ್ಷಿಗೆಂದು ಕೂರಿಸಿಕೊಂಡು ನೆಟ್ಟಗೆ ಚಿತ್ರದುರ್ಗದ ಇನ್ಶೂರೆನ್ಸ್ ಆಫೀಸಿಗೆ ನಡೆದಳು. ಅಲ್ಲಿನ ಸಾಹೇಬರು ಒಳ್ಳೆಯವರು, ಮೈಸೂರಿನ ಕಡೆಯವರು. ಫ್ಯಾನ್ ಹಾಕಿಸಿ, ಕೂರಿಸಿ, ಎಲ್ಲ ಕೇಳಿಕೊಂಡು ನಕ್ಕರು. "ಇಷ್ಟಕ್ಕೆಲ್ಲ ಯಾಕಮ್ಮ ಬೇಜಾರು? ನಿಮ್ಮ ಪಾಲಿಸಿಯ ಮೇಲೇ ಕ್ಲೇಮ್ ಮಾಡಿ. ರಿಪೇರಿ ದುಡ್ಡು ಕೊಡ್ತೀವಿ. ತಪ್ಪು ಯಾರದು ಅಂತ ನಾವು ಕೇಳೋದೇ ಇಲ್ಲ!"

ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿಯುತ್ತಿದ್ದರು. ಅತ್ತೆ ಎದ್ದು ನಿಂತಳು.

"ಕೇಳ್ರಿ!"

"ಏನಮ್ಮ?"

"ತಪ್ಪು ಯಾರ್ದು ಅಂತ ಕೇಳ್ರಿ ಸ್ವಾಮಿ! ಕೇಳದಲೆ ದುಡ್ಡು ಕೊಡಾಕೆ ಇದೇನು ಮದುವೆ ಮುಯ್ಯಾ?"

ಸಾಹೇಬರು ಬೆವರು ಒರೆಸಿಕೊಂಡರು. ಮೆಲ್ಲಗೆ ಇನ್ನೊಂದು ವಿಷಯವನ್ನೂ ಹೇಳಿದರು: ಸ್ವಂತ ಪಾಲಿಸಿಯ ಮೇಲೆ ಕ್ಲೇಮ್ ಮಾಡಿದರೆ ಮುಂದಿನ ವರ್ಷ ಕಂತಿನ ರಿಯಾಯಿತಿ ಸಿಗುವುದಿಲ್ಲ.

"ಗುದ್ದಿದ್ದು ಬಸ್ಸು, ರಿಯಾಯ್ತಿ ಹೋಗಾದು ನಂದಾ? ಇದು ಯಾವ ಊರಿನ ನ್ಯಾಯ? ಬಸ್ಸಿನೋರ ಇನ್ಶೂರೆನ್ಸಿಂದ ಕೊಡಿಸ್ರಿ."

"ಅದಕ್ಕೆ ತಪ್ಪು ಅವರದೇ ಅಂತ ರುಜುವಾತು ಬೇಕಮ್ಮ. ಗುದ್ದಿದಾಗ ಯಾವ ಗಾಡಿ ಎಲ್ಲಿತ್ತು, ಚಕ್ರ ಯಾವ ಕಡೆ ಇತ್ತು, ಇದಕ್ಕೆಲ್ಲ ಗುರುತು ಎಲ್ಲಿದೆ? ನಮ್ಮ ಸರ್ವೇಯರು ನಷ್ಟ ನೋಡೋಕೆ ಬರೋ ಹೊತ್ತಿಗೆ ರಸ್ತೆ ಮೇಲೆ ಏನೂ ಉಳಿದಿರಲ್ಲ."

ಮಾತು ನಿಜ. ಅತ್ತೆ ಬರಿಗೈಯಲ್ಲಿ ವಾಪಸು ಬಂದಳು. ಡಿಕ್ಕಿಯನ್ನು ಮಾತ್ರ ರಿಪೇರಿ ಮಾಡಿಸಲಿಲ್ಲ. "ಸಾಕ್ಷಿ ಕೆಡಿಸ್ಬಾರ್ದು" ಎನ್ನುವುದು ಅವಳ ವಾದ. ಮುಂದೆ ಬಿದ್ದ ನೆಗ್ಗುಗಳನ್ನೂ ಹಾಗೆಯೇ ಉಳಿಸಿಕೊಂಡಳು. ಬೀದಿಯ ಮಕ್ಕಳು ಅವಕ್ಕೆ ಹೆಸರಿಟ್ಟಿದ್ದರು. ಹಿರಿಯೂರು ನೆಗ್ಗು, ಸಂತೆ ನೆಗ್ಗು, ಡೋಲು ನೆಗ್ಗು. ಅಪ್ಪ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಕಾರನ್ನು ಒಂದು ಸುತ್ತು ಹಾಕಿ, ಹೊಸದೇನಾದರೂ ಸೇರಿದೆಯೇ ಎಂದು ನೋಡುತ್ತಿದ್ದರು. ಇದ್ದರೆ "ಮತ್ತೆ ಗುದ್ದಿಯಾ?" ಎನ್ನುತ್ತಿದ್ದರು. "ಗುದ್ದಿದ್ರು" ಎನ್ನುತ್ತಿದ್ದಳು ಅತ್ತೆ. ಅಪ್ಪ "ಹೂಂ" ಎನ್ನುತ್ತಿದ್ದರು. ಆ "ಹೂಂ" ಎಷ್ಟು ಉದ್ದವಿರುತ್ತಿತ್ತೆಂದರೆ ಅಷ್ಟರಲ್ಲಿ ಕಾರು ಮಾರಿ ಬರಬಹುದಿತ್ತು!

ಒಂದು ಬೆಳಿಗ್ಗೆ ಅತ್ತೆ ತನ್ನ ಮನೆಯ ಬಾಗಿಲಿಗೆ ರಂಗೋಲಿ ಹಾಕಿ, ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನೋಡುತ್ತಾ ನಿಂತಳು. ಹಾಲಿನವನು ಬಂದ, ಸೈಕಲ್ಲು ಇಳಿದು ರಂಗೋಲಿ ಬಳಸಿಕೊಂಡು ಹೋದ. ಅಂಚೆಯವನು ಬಂದ, ಅವನೂ ಬಳಸಿ ಹೋದ. ಯಾರ ಮನೆಯ ಬೇಲಿಯನ್ನೂ ಲೆಕ್ಕಿಸದ ಪಟೇಲರ ಮೊಮ್ಮಗ ಓಡಿ ಬಂದವನು ಅಲ್ಲಿ ಬಂದಾಗ ಚಂಗನೆ ಹಾರಿಕೊಂಡು ಹೋದ. ಸಂಜೆಯಾದರೂ ರಂಗೋಲಿಯ ಒಂದು ಎಳೆಯೂ ಅಳಿಸಿರಲಿಲ್ಲ.

"ಸಿಕ್ತು ಕಣೆ!" ಎಂದಳು ಅತ್ತೆ ನನಗೆ.

ಅಂದಿನಿಂದ ಕಾರಿನಲ್ಲಿ ಜಾಕಿ, ಸ್ಟೆಪ್ನಿ, ನೀರಿನ ಕ್ಯಾನಿನ ಜೊತೆ ಒಂದು ರಂಗೋಲಿ ಡಬ್ಬಿಯೂ ಬಂತು. ಧರ್ಮಪುರದ ಕಡೆಯಿಂದ ಕಡಲೆಕಾಯಿ ಚೀಲ ಹೇರಿಕೊಂಡು ಬರುತ್ತಿದ್ದ ಲಾರಿಯೊಂದು ಹಿರಿಯೂರಿನ ಹತ್ತಿರ ಕಾರಿನ ಪಕ್ಕೆಯನ್ನು ಸವರಿಕೊಂಡು ಹೋಗಿ ನಿಂತಾಗ, ಅತ್ತೆ ಜಗಳಕ್ಕೆ ಬಾಯಿ ತೆರೆಯಲೇ ಇಲ್ಲ. ಸೆರಗು ಸಿಕ್ಕಿಸಿ, ನಡುರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ತನ್ನ ಕಾರಿನ ನಾಲ್ಕು ಚಕ್ರಕ್ಕೆ ನಾಲ್ಕು ಮನೆ, ಲಾರಿಯ ಚಕ್ರಗಳಿಗೆ ಬೇರೆ ಮನೆ, ನಡುವೆ ಎಳೆ ಎಳೆದು, ಲಾರಿ ಎಷ್ಟು ಬಲಕ್ಕೆ ಬಂದಿತ್ತೆಂಬುದನ್ನು ಬಿಡಿಸಿಟ್ಟಳು. ಕೈ ಸುಮ್ಮನಿರಬೇಕಲ್ಲ? ಮೂಲೆಗೊಂದು ತಾವರೆಯನ್ನೂ ಹಾಕಿದಳು.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು ನೀವು! ಬಂದ ಬಸ್ಸು ನಿಂತಿತು. ಡ್ರೈವರು ಕೆಳಗಿಳಿದು ನೋಡಿ, ಕೈ ಮುಗಿದು, ಬಸ್ಸನ್ನು ಹೊಲಕ್ಕೆ ಇಳಿಸಿ ಬಳಸಿಕೊಂಡು ಹೋದ. ಅವನ ಹಿಂದೆ ಎಲ್ಲರೂ ಹೊಲಕ್ಕಿಳಿದರು. ಹೊಲದವನು ಬೊಬ್ಬೆ ಹೊಡೆಯುತ್ತಾ ಪೊಲೀಸರನ್ನು ಕರೆತಂದ. ಕಾನ್‌ಸ್ಟೇಬಲ್ಲು ಲಾಠಿ ತಿರುವುತ್ತಾ ಬಂದು "ಏನ್ರಮ್ಮ ಇದು, ಅಳಸ್ರಿ" ಎಂದು ಗದರಿದ.

"ನೀವೇ ಅಳಸ್ರಿ" ಎಂದಳು ಅತ್ತೆ.

ಅವನು ಬೂಟುಗಾಲು ಎತ್ತಿದ. ತಾವರೆ ನೋಡಿದ. ಕಾಲು ಇಳಿಸಿದ. "ಶುಕ್ರವಾರ ಬೇರೆ" ಎಂದು ಗೊಣಗಿ, ರಂಗೋಲಿಯ ಪಕ್ಕದಲ್ಲೇ ನಿಂತು ಸಂಜೆಯ ತನಕ ವಾಹನಗಳಿಗೆ ದಾರಿ ತೋರಿಸಿದ. ಸರ್ವೇಯರು ಬಂದಾಗ ಎಳೆ ಎಳೆಯೂ ಇತ್ತು. ಲಾರಿಯ ಇನ್ಶೂರೆನ್ಸಿನವರೇ ದುಡ್ಡು ಕೊಟ್ಟರು. ಅಪ್ಪನ "ಹೂಂ" ಆವತ್ತು ಗಿಡ್ಡವಾಯಿತು.

ಆದರೆ ಅತ್ತೆಯ ಕೀರ್ತಿ ಹಬ್ಬಿದ್ದು ತಾಳ್ಯದ ಹತ್ತಿರ ಆದ ಗುದ್ದಿನಿಂದ. ಹೊಳಲ್ಕೆರೆಯ ರಸ್ತೆಯಲ್ಲಿ ಅದಿರಿನ ಲಾರಿಯೊಂದು ಎದುರಿನಿಂದ ರಾಂಗ್ ಸೈಡಿಗೆ ನುಗ್ಗಿ ಮುಂದಿನ ಮಡ್‌ಗಾರ್ಡನ್ನು ಕಿತ್ತುಕೊಂಡಿತು. ಡ್ರೈವರು ಕಿಟಕಿಯಿಂದ ಇಣುಕಿ "ನೀವೇ ಅಡ್ಡ ಬಂದ್ರಿ" ಎಂದವನೇ ಹೊರಟುಹೋದ. ಅತ್ತೆ ಡಬ್ಬಿ ತೆಗೆದು ಅಲ್ಲೇ ರಂಗೋಲಿಗೆ ಕುಳಿತಳು. ಬಿಳಿ ಪುಡಿ ಮುಗಿದುಹೋಗಿ, ನಡುವಿನ ಮನೆಯನ್ನು, ಮಾವ ಹೋದ ಮೇಲೂ ಯಾರ ಮಾತೂ ಕೇಳದೆ ಇಟ್ಟುಕೊಳ್ಳುತ್ತಿದ್ದ, ಪರ್ಸಿನಲ್ಲಿದ್ದ ಕುಂಕುಮದಿಂದ ತುಂಬಿದಳು. ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ಮಂದೆಯನ್ನು ತಡೆದು ನಿಂತು ಕೇಳಿದ: "ಯಾವ ದ್ಯಾವ್ರವ್ವ ಇದು?"

ಅತ್ತೆ ತಲೆ ಎತ್ತದೆ ಸಿಡುಕಿದಳು. "ನ್ಯಾಯದಮ್ಮ ಕಣಪ್ಪ! ನಿನ್ ಕುರಿ ತುಳೀದಂಗೆ ನೋಡ್ಕ."

ಮುದುಕ ನೋಡಿಕೊಂಡ. ನೋಡಿಕೊಂಡದ್ದು ಹೆಚ್ಚಾಯಿತು. ಕುರಿ ತುಳಿಯದಿರಲೆಂದು ಸುತ್ತ ಕಲ್ಲಿಟ್ಟ. ಸುತ್ತ ಕಲ್ಲಿಟ್ಟ ಮೇಲೆ ನಡುವೆ ಒಂದು ಕಲ್ಲಿಲ್ಲದಿದ್ದರೆ ಹೇಗೆ? ಅದನ್ನೂ ಇಟ್ಟ. ಯಾರೋ ಅದಕ್ಕೆ ಅರಿಶಿನ ಹಚ್ಚಿದರು, ಯಾರೋ ನಿಂಬೆಹಣ್ಣು ಇಟ್ಟರು. ಸರ್ವೇಯರು ಬಿಡುವು ಮಾಡಿಕೊಂಡು ನಮ್ಮ ಜೊತೆ ಸ್ಥಳಕ್ಕೆ ಬರುವ ಹೊತ್ತಿಗೆ ಅಲ್ಲಿ ತೆಂಗಿನ ಚಿಪ್ಪಿನ ರಾಶಿ ಬಿದ್ದಿತ್ತು, ಲಾರಿಗಳು ಸಾಲಾಗಿ ನಿಂತಿದ್ದವು!

"ಅಪಘಾತ ಆದ ಜಾಗ ಎಲ್ಲಮ್ಮ?" ಎಂದರು ಸರ್ವೇಯರು, ಟೇಪು ಹಿಡಿದುಕೊಂಡು.

"ಗರ್ಭಗುಡಿ ಐತಲ್ಲ, ಅದೇ" ಎಂದಳು ಅತ್ತೆ.

ಕಾರಿನಿಂದ ಇಳಿಯುವ ಮೊದಲೇ ಅತ್ತೆ ನನ್ನ ಮೊಣಕೈ ಹಿಡಿದಳು. ಕಲ್ಲಿನ ಮುಂದೆ ಒಬ್ಬ ಉದ್ದಕ್ಕೆ ಬಿದ್ದಿದ್ದ. ಪಕ್ಕದಲ್ಲೇ ನಮಗೆ ಗುದ್ದಿದ್ದ ಅದಿರಿನ ಲಾರಿ. ಆವತ್ತಿನಿಂದ ಅವನ ಗಾಡಿ ದಿನಾ ಪಂಚರ್ ಆಗುತ್ತಿತ್ತಂತೆ. ಗುದ್ದಿದ ಜಾಗದಲ್ಲೇ ಅಮ್ಮ ಎದ್ದಿದ್ದಾಳೆಂದು ಕೇಳಿ, ಕಾಯಿ ಹಿಡಿದು ಓಡಿ ಬಂದಿದ್ದ.

"ತಪ್ಪಾತು ತಾಯಿ! ರಾಂಗ್ ಸೈಡಲ್ಲಿ ನುಗ್ಗಿದ್ದು ನಾನೇ, ಆಯಮ್ಮಂದೇನೂ ತಪ್ಪಿಲ್ಲ, ಹೊಟ್ಟೆಗೆ ಹಾಕ್ಕಳವ್ವ!" ಎಂದು ಗಲ್ಲ ಗಲ್ಲ ಬಡಿದುಕೊಂಡು ಎದ್ದು ತಿರುಗಿದ. ನೋಡುತ್ತಾನೆ, ಅದೇ ಅಂಬಾಸಡರ್! ಅದರಿಂದ ಕಾಸಗಲ ಕುಂಕುಮ ಇಟ್ಟುಕೊಂಡ ಅತ್ತೆ ಇಳಿದು ಬರುತ್ತಿದ್ದಾಳೆ!

"ಅಯ್ಯಯ್ಯೋ, ಅಮ್ಮ ಕಾರಲ್ಲೇ ಬಂದ್ಬಿಟ್ಳಪ್ಪೋ" ಎಂದು ಅವನು ಅಲ್ಲೇ ಕುಸಿದು ಕುಳಿತ.

ನೀರು ಚಿಮುಕಿಸಿ ಎಬ್ಬಿಸಿದ್ದಾಯಿತು. ಸರ್ವೇಯರಿಗೆ ಬೇರೆ ಸಂಕಟ. "ದೇವರ ಮುಂದೆ ಹೇಳಿದ್ದನ್ನ ನಾನು ರಿಪೋರ್ಟಲ್ಲಿ ಹೇಗಮ್ಮ ಬರೀಲಿ?"

"ಕೋರ್ಟಲ್ಲಿ ದ್ಯಾವ್ರ ಮೇಲೆ ಪ್ರಮಾಣ ಮಾಡಿಸ್ತಾರಲ್ಲ, ಆ ದ್ಯಾವ್ರು ಕಾಣ್ತಾನಾ? ಇಲ್ಲಿ ಮುಂದೇನೆ ಕುಂತಾಳೆ. ಬರ್ಕಳ್ರಿ!"

ಬರೆದುಕೊಂಡರು. ಟೇಪು ಹಿಡಿಯುವ ಮೊದಲು ಚಪ್ಪಲಿಯನ್ನೂ ಬಿಟ್ಟರು. ಮಡ್‌ಗಾರ್ಡಿನ ದುಡ್ಡು ಬಂತು. ಅತ್ತೆ ಸಿಹಿ ಹಂಚಿದಳು.

ಅಪ್ಪ ಸಿಹಿ ತಿಂದು ಕೈ ಒರೆಸಿಕೊಂಡು, "ಈ ಸಲ ಬಚಾವಾದೆ" ಎಂದರು.

ಅತ್ತೆಯ ಮುಖ ಆಗ ಸಣ್ಣದಾದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಲಾರಿಯವನು ಒಪ್ಪಿದ, ಕಂಪನಿ ಒಪ್ಪಿತು, ದೇವರು ಬೇಕಾದರೆ ಒಪ್ಪಿದ. ಒಡಹುಟ್ಟಿದ ಅಣ್ಣ ಮಾತ್ರ "ಬಚಾವಾದೆ" ಎನ್ನುತ್ತಾನೆ! ನನಗೆ ಅಪ್ಪನ ಮೇಲೆ ಎಂಥ ಕೋಪ ಬಂತೆಂದರೆ ನನ್ನ ಪಾಲಿನ ಸಿಹಿಯನ್ನು ಮುಟ್ಟಲಿಲ್ಲ. ಹೋಗಲಿ, ಅರ್ಧ ಮುಟ್ಟಿದೆ.

ಬಹುಶಃ ಆವತ್ತೇ ಅತ್ತೆ ನಿರ್ಧಾರ ಮಾಡಿರಬೇಕು. ನನಗೆ ಹದಿನೆಂಟು ತುಂಬಿದ ಕೂಡಲೇ ಚಿತ್ರದುರ್ಗಕ್ಕೆ ಕರೆದೊಯ್ದು ಕಲಿಯುವವರ ಲೈಸೆನ್ಸು ಮಾಡಿಸಿದಳು. "ಊರಲ್ಲಿ ಕಾರು ಓಡ್ಸೋ ಹೆಂಗಸು ಒಬ್ಳೇ ಇದ್ರೆ ವಿಚಿತ್ರ ಅಂತಾರೆ. ಇಬ್ರಾದ್ರೆ ಬಾಯಿ ಮುಚ್ಕಂತಾರೆ" ಎಂದಳು. ಅಪ್ಪನಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ತೆಂಗಿನ ತೋಟ ನೋಡಿ ಬರುತ್ತೇವೆಂದು ಹೇಳಿ ಹೊರಡುವುದು. ಊರು ದಾಟಿದ ಮೇಲೆ ಕೆಂಪು ಅಕ್ಷರದ 'ಎಲ್' ಬೋರ್ಡನ್ನು ಹಿಂದೆ ಮುಂದೆ ಕಟ್ಟುವುದು. ನಾನು ಗಿಡ್ಡಿಯಾದ್ದರಿಂದ ಸೀಟಿನ ಮೇಲೆ ಒಂದು ದಿಂಬು ಹಾಕಿ ಕೂರುವುದು. ಮಾರಿಕಣಿವೆಯ ರಸ್ತೆಯಲ್ಲಿ ಎತ್ತಿನಗಾಡಿಗಿಂತ ಸ್ವಲ್ಪ ಜೋರಾಗಿ ಹೋಗುವುದು. ಅತ್ತೆ ಪಕ್ಕದಲ್ಲಿ ಕುಳಿತು "ನಿಮ್ಮಾವ ಇಲ್ಲೇ ಗೊರಕೆ ಹೊಡೀತಿದ್ರು ಕಣೆ, ಇದೇ ಸೀಟಲ್ಲಿ" ಎನ್ನುತ್ತಿದ್ದಳು.

ಅದೊಂದು ದಿನ ಕಾಲುವೆಯ ಹತ್ತಿರ ಒಂದು ಮಂದೆ ದಾಟುತ್ತಿತ್ತೆಂದು ನಾನು ಕಾರು ನಿಲ್ಲಿಸಿದೆ. ಸರಿಯಾಗಿ, ಎಡಕ್ಕೆ, ಕೈ ತೋರಿಸಿ ನಿಲ್ಲಿಸಿದೆ. ಹಿಂದಿನಿಂದ ಟ್ರ್ಯಾಕ್ಟರೊಂದು ಬಂದು ಡಬ್ ಎಂದು ಗುದ್ದಿತು. ಬಾಗಿಲು ತೆರೆಯುವ ಮೊದಲೇ ಅದರ ಡ್ರೈವರು ಓಡಿ ಬಂದು ಕೈ ಮುಗಿದ. "ತಪ್ಪು ನಂದೇ ಕಣ್ರವ್ವ. ಬ್ರೇಕು ಹಿಡೀಲಿಲ್ಲ."

ಅಷ್ಟು ವರ್ಷಗಳಲ್ಲಿ ಯಾವ ಅಮ್ಮನ ಭಯವೂ ಇಲ್ಲದೆ ತಾನಾಗಿ ಹೀಗೆ ಹೇಳಿದವನು ಅವನೊಬ್ಬನೇ! ಕಾಲುವೆಯ ಇಲಾಖೆಯ ಇಬ್ಬರು ನೌಕರರು ಕಣ್ಣಾರೆ ನೋಡಿದ್ದರು. ಅತ್ತೆ ಡಬ್ಬಿ ತೆಗೆದು ಎಂಥ ರಂಗೋಲಿ ಹಾಕಿದಳೆಂದರೆ, ಮದುವೆ ಮನೆಯ ಮುಂದೆ ಹಾಕುವಂಥದ್ದು. ಇಂಥ ಕ್ಲೇಮು ಜನ್ಮಕ್ಕೊಂದು ಸಿಗುತ್ತದೆ. ಆಗ ನೌಕರರಲ್ಲಿ ಒಬ್ಬ, "ನಾವು ಸಾಕ್ಷಿ ಹೇಳ್ತೀವಿ ಬಿಡ್ರಮ್ಮ. ಕಾರು ಓಡಿಸ್ತಿದ್ದೋರು ಯಾರು ಅಂತ ಬರೆಸ್ತೀರಿ?" ಎಂದ.

ಅತ್ತೆಯ ಕೈ ನಿಂತಿತು. ನನ್ನ ಕಡೆ ನೋಡಿದಳು. ಕ್ಲೇಮು ಮಾಡಿದರೆ ನನ್ನ ಹೆಸರು ಬರೆಯಬೇಕು, ಬರೆದರೆ ಅಪ್ಪನಿಗೆ ತಿಳಿಯುತ್ತದೆ, ತಿಳಿದರೆ ನನ್ನ ಕಲಿಕೆ ಅಲ್ಲಿಗೆ ಮುಗಿಯಿತು. ಕ್ಲೇಮು ಮಾಡದಿದ್ದರೆ, ರಂಗೋಲಿ ಬಂದ ಮೇಲೂ ರುಜುವಾತಿಲ್ಲವೆಂದರೆ ತಪ್ಪು ಅತ್ತೆಯದೇ ಎಂದಾಗುತ್ತದೆ, ಕಾರು ಹೋಗುತ್ತದೆ.

ಅತ್ತೆ ಚಪ್ಪಲಿ ಬಿಟ್ಟಳು. ಬರಿಗಾಲಿನಿಂದ ಆ ರಂಗೋಲಿಯನ್ನು ಪೂರ್ತಿ ಅಳಿಸಿದಳು. "ಹೋಗಾಣ ನಡಿ" ಎಂದು ತಾನೇ ಸ್ಟಿಯರಿಂಗಿಗೆ ಕುಳಿತಳು. ದಾರಿಯುದ್ದಕ್ಕೂ ನಾನು ಬೇಡ ಅತ್ತೆ, ಬೇಡ ಅತ್ತೆ ಎಂದೆ. ಊರು ಹತ್ತಿರವಾದಾಗ ಅವಳು ಕಾರು ನಿಲ್ಲಿಸಿ 'ಎಲ್' ಬೋರ್ಡುಗಳನ್ನು ಬಿಚ್ಚಿಟ್ಟಳು.

ಅಪ್ಪ ಜಗಲಿಯ ಮೇಲೆ ಕುಳಿತಿದ್ದರು. "ಮತ್ತೆ ಗುದ್ದಿಯಾ?"

"ಹೂಂ ಅಣ್ಣ. ಈ ಸಲ ತಪ್ಪು ನಂದೇ." ಅತ್ತೆ ಸೊಂಟದಿಂದ ಕೀಲಿಕೈ ತೆಗೆದು ಮುಂದಕ್ಕೆ ಹಿಡಿದಳು. "ತಗ, ಮಾರ್ಬಿಡು."

ಯಾವ ಸಾಹೇಬರ ಮುಂದೆಯೂ, ಯಾವ ಪೊಲೀಸರ ಮುಂದೆಯೂ ಹೇಳದ ಮಾತನ್ನು ಅವಳು ನನಗಾಗಿ ಹೇಳಿದ್ದಳು. ನನಗೆ ತಡೆಯಲಾಗಲಿಲ್ಲ.

"ಸುಳ್ಳು ಅಪ್ಪ! ಓಡಿಸ್ತಿದ್ದುದು ನಾನು. ಅತ್ತೆ ಹಾಕಿದ್ದ ರಂಗೋಲೀನೂ ಅಳಿಸಿಬಿಟ್ಳು."

ಅಪ್ಪ ಎದ್ದು ಬಂದರು. ಬೈಯುತ್ತಾರೆಂದು ನಾನು ಕಣ್ಣು ಮುಚ್ಚಿಕೊಂಡೆ. ಅವರು ಕಾರಿನ ಬಾಗಿಲು ತೆರೆದು, ಬದಿಗೆ ಸರಿಸಿದ್ದ ದಿಂಬನ್ನು ಎತ್ತಿ ನೋಡಿದರು. ನನ್ನ ಎತ್ತರ ನೋಡಿದರು. ಹಿಂದೆ ಹೋಗಿ ಹೊಸ ನೆಗ್ಗನ್ನು ಕೈಯಿಂದ ಸವರಿದರು. ಅಲ್ಲೇ ಬಗ್ಗಿಕೊಂಡೇ, ತಂಗಿಯ ಕಡೆ ನೋಡದೆ ಕೇಳಿದರು.

"ತಪ್ಪು ಯಾರ್ದೇ?"

ಅಷ್ಟು ವರ್ಷಗಳಲ್ಲಿ ಅಪ್ಪ ಅದನ್ನು ಕೇಳಿದ್ದು ಅದೇ ಮೊದಲು. ಮಾವ ಹೋದಾಗ ನೆಂಟರ ಮುಂದೆ ಕಣ್ಣೀರು ಹಾಕದಿದ್ದ ಅತ್ತೆ, ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ಟ್ರ್ಯಾಕ್ಟರಿನವನದು ಅಪ್ಪ" ಎಂದೆ ನಾನು. "ಅವನೇ ಒಪ್ಪಿಕೊಂಡ."

"ಮತ್ತೆ ಇವಳ್ಯಾಕೆ ಅಳ್ತಾಳೆ?"

"ಕೇಳಿದ್ಯಲ್ಲಣ್ಣ" ಎಂದಳು ಅತ್ತೆ ಬಿಕ್ಕುತ್ತಾ. "ಅದ್ಕೇ."

ಅಪ್ಪ ಮೀಸೆ ತಿರುವಿದರು. ಅವರ ಕಣ್ಣೂ ಒದ್ದೆಯಾಗಿತ್ತು, ಅವರು ಒಪ್ಪುವುದಿಲ್ಲ ಬಿಡಿ. ಆಮೇಲೆ ಹೆಗಲಿನ ಟವೆಲ್ಲು ಕೊಡವಿಕೊಂಡು ಗುಡುಗಿದರು. "ತಪ್ಪು ಅವನ್ದಾದ್ರೆ ಸುಮ್ನೆ ಬಂದ್ಯೇನೇ? ಎದ್ದೇಳು! ಹೊತ್ತು ಮುಳುಗಾಕೆ ಮುಂಚೆ ಹೋಗಾಣ. ಅವನ್ನ ಬಿಡಬಾರ್ದು!"

ಅತ್ತೆ ಕಣ್ಣೊರೆಸಿಕೊಂಡು ಕೀಲಿಕೈಯನ್ನು ನನ್ನ ಕೈಗೆ ಕೊಟ್ಟಳು. ನಾನು ದಿಂಬು ಹಾಕಿಕೊಂಡು ಕುಳಿತೆ. ಅತ್ತೆ ಊರೊಳಗೇ, ಎಲ್ಲರ ಎದುರಿಗೇ, 'ಎಲ್' ಬೋರ್ಡು ಕಟ್ಟಿ ಬಂದು ಪಕ್ಕದಲ್ಲಿ ಕುಳಿತಳು. ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ಅಪ್ಪ ರಂಗೋಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದರು.